ನೀರಿನ ನಡುವಿನ ಕೋಟೆ: ನೀವು ಕೇಳಿದ್ದು, ನಾನು ಹೇಳುವುದು

ಹೋದ ಸಂಚಿಕೆಯಲ್ಲಿ ಇಂಗ್ಲೆಂಡಿನ ಬೋಡಿಯಂ ಕೋಟೆಯ ಒಂದು ಫೋಟೊ ಹಾಕಿ ನಾಲ್ಕು ಸಾಲು ಬರೆದಿದ್ದೆ. ಸುತ್ತ ನೀರು, ನಡುವೆ ಚೌಕದ ಕೋಟೆ, ಮೂಲೆಗೊಂದು ದುಂಡು ಕೊತ್ತಲ, ಉಳಿಸಿದ್ದು ಲಾರ್ಡ್ ಕರ್ಜನ್. ಅಷ್ಟೇ. ಅದಕ್ಕೆ ಹಾಸನ, ಸಕಲೇಶಪುರ, ಮೂಡಿಗೆರೆ, ತರೀಕೆರೆ ಕಡೆಯಿಂದೆಲ್ಲ ಪತ್ರಗಳು ಬಂದಿವೆ. ಓದಿ ತುಂಬಾ ಖುಷಿಯಾಯಿತು. ಈ ಸಲದ ಅಂಕಣ ಪೂರ್ತಿ ಅದಕ್ಕೇ ಮೀಸಲು. ಬೇರೆ ವಿಷಯ ಕೇಳಿದವರು ದಯವಿಟ್ಟು ಮುಂದಿನ ತಿಂಗಳವರೆಗೆ ತಡೆದುಕೊಳ್ಳಿ.

ಪ್ರಶ್ನೆ: ಮೇಡಂ, ಫೋಟೊದಲ್ಲಿ ಗೋಡೆಗಳು ನೀರಿನಿಂದಲೇ ಎದ್ದ ಹಾಗಿವೆ. ತೋಟದಲ್ಲಿ ಒಂದು ಪಂಪ್‌ಹೌಸ್ ಕಟ್ಟಿಸುವಾಗ ಪಾಯಕ್ಕೆ ನೀರು ಒಸರಿ ನನಗೆ ಸಾಕುಸಾಕಾಯಿತು. ಆರುನೂರು ವರ್ಷದ ಹಿಂದೆ ಇವರು ಕೆರೆಯೊಳಗೆ ಹೇಗೆ ಪಾಯ ಹಾಕಿದರು? (ಸಕಲೇಶಪುರದ ಹತ್ತಿರದ ಕಾಫಿ ಬೆಳೆಗಾರರು)

ಉತ್ತರ: ಅವರು ಮೊದಲು ಕೋಟೆಗೆ ಜಾಗ ಗೊತ್ತು ಮಾಡಿಕೊಂಡು, ಅದರ ಸುತ್ತ ಕೆರೆ ಕಟ್ಟಿದರು ಸ್ವಾಮಿ.

ಬೋಡಿಯಂ ಇರುವುದು ಈಸ್ಟ್ ಸಸೆಕ್ಸ್‌ನಲ್ಲಿ, ರಾದರ್ ಎಂಬ ನದಿಯ ಕಣಿವೆಯಲ್ಲಿ. ನೆಲ ಉತ್ತರದಿಂದ ದಕ್ಷಿಣಕ್ಕೆ, ನದಿಯ ಕಡೆಗೆ ಇಳಿಜಾರು. ಆ ಜಾಗದಲ್ಲಿ ನೆಲದಿಂದಲೇ ಒರತೆ ಏಳುತ್ತದೆ. ಇವತ್ತಿಗೂ ಕಂದಕ ತುಂಬುವುದು ಆ ಒರತೆಗಳಿಂದಲೇ, ಕೆಲವು ಒರತೆ ಕಂದಕದ ಒಳಗೇ ಇವೆ. ಮೇಲಿನ ಕಡೆ ಅಗೆದು, ತಗ್ಗಿನ ಕಡೆ ಮಣ್ಣಿನ ಏರಿ ಹಾಕಿ ನೀರು ನಿಲ್ಲಿಸಿದ್ದಾರೆ. ನಮ್ಮ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಳೇಬೀಡಿನ ದ್ವಾರಸಮುದ್ರದ ಕೆರೆ ಏರಿಯ ಮೇಲೆ ಓಡಾಡಿದವರಿಗೆ ಬೋಡಿಯಂನ ದಂಡೆ ನೋಡಿದ ತಕ್ಷಣ ಲೆಕ್ಕ ಗೊತ್ತಾಗುತ್ತದೆ. ವ್ಯತ್ಯಾಸ ಇಷ್ಟೇ: ಇಲ್ಲಿ ನಡುವೆ ಒಂದು ಚೌಕದ ನೆಲ ಬಿಟ್ಟುಕೊಂಡಿದ್ದಾರೆ. ಒಣ ನೆಲದಲ್ಲಿ ಕಟ್ಟಡದ ಕೆಲಸ ಮಾಡಿಕೊಂಡು ಆಮೇಲೆ ನೀರು ನಿಲ್ಲಿಸುವುದೇ ಇಂಥ ಕೋಟೆಗಳ ಕ್ರಮ. ಹಾಗಾಗಿ ನಿಮ್ಮ ಪಂಪ್‌ಹೌಸಿನ ತಾಪತ್ರಯ ಅವರಿಗೆ ಅಷ್ಟಾಗಿ ಬರಲಿಲ್ಲ.

ಇನ್ನೊಂದು ವಿಷಯ. ಫೋಟೊ ನೋಡಿದರೆ ಎರಡಾಳು ಮುಳುಗುವ ನೀರಿದೆ ಅನ್ನಿಸುತ್ತದೆ, ಅಲ್ವಾ? ನಿಜದಲ್ಲಿ ಸರಾಸರಿ ಆಳ ಸುಮಾರು 5 ಅಡಿ. ಆಗ್ನೇಯ ಮೂಲೆಯಲ್ಲಿ ಮಾತ್ರ 7 ಅಡಿ. ಮಗಳ ಮನೆಗೆ ಹೋಗಿದ್ದಾಗ ನಾನೂ ಆ ದಂಡೆಯಲ್ಲಿ ಬಹಳ ಹೊತ್ತು ಕೂತಿದ್ದೆ. ಗಾಳಿ ನಿಂತರೆ ಸಾಕು, ಕೊತ್ತಲಗಳೆಲ್ಲ ತಲೆಕೆಳಗಾಗಿ ನೀರಿನಲ್ಲಿ ಮೂಡುತ್ತವೆ. ಕೋಟೆ ಎರಡರಷ್ಟು ಎತ್ತರ ಕಾಣುತ್ತದೆ. ಸೇತುವೆ ಕೆಳಗೆ ದಪ್ಪ ದಪ್ಪ ಗೆಂಡೆ ಮೀನುಗಳು ಬಾಯಿ ತೆರೆದುಕೊಂಡು ಬರುತ್ತವೆ. ಆಳ ಕಡಿಮೆ ಅನ್ನುವುದು ಆ ಮೀನಿನ ಹೊಟ್ಟೆ ಕೆಸರಿಗೆ ತಾಗುವಾಗಷ್ಟೇ ಗೊತ್ತಾಗುವುದು.

ಪ್ರಶ್ನೆ: ಕೋಟೆ ಸುತ್ತ ನೀರು ಯಾಕೆ? ಶತ್ರುಗಳಿಗೆ ಈಜು ಬರುವುದಿಲ್ವಾ? ಅದರಲ್ಲಿ ಮೊಸಳೆ ಬಿಡುತ್ತಿದ್ದರಾ? (ಬೇಲೂರಿನ 8ನೇ ತರಗತಿ ವಿದ್ಯಾರ್ಥಿ)

ಉತ್ತರ: ಮೊಸಳೆ ಇಲ್ಲ ಕಣಪ್ಪ. ಇಂಗ್ಲೆಂಡಿನ ಚಳಿಗೆ ಮೊಸಳೆ ಬದುಕುವುದಿಲ್ಲ. ಆದರೆ ನಿನ್ನ ಮೊದಲ ಪ್ರಶ್ನೆ ತುಂಬಾ ಒಳ್ಳೆಯದು. ಒಬ್ಬ ಮನುಷ್ಯ ಈಜಿ ಬರಬಹುದು. ಬಂದು ಏನು ಮಾಡುತ್ತಾನೆ? ಒದ್ದೆ ಬಟ್ಟೆಯಲ್ಲಿ, ಹಿಡಿಯಲು ಏನೂ ಇಲ್ಲದ ನುಣುಪು ಗೋಡೆಯ ಬುಡದಲ್ಲಿ ನಿಂತಿರುತ್ತಾನೆ. ಮೇಲಿಂದ ಬಾಣ ಬೀಳುತ್ತದೆ. ಕೋಟೆ ಹಿಡಿಯಲು ಏಣಿ ಬೇಕು, ಬಾಗಿಲು ಗುದ್ದುವ ದಿಮ್ಮಿ ಬೇಕು, ಗೋಡೆಗೆ ತಾಗಿಸಿ ನಿಲ್ಲಿಸುವ ಮರದ ಅಟ್ಟಣೆ ಬೇಕು. ಇದ್ಯಾವುದನ್ನೂ ನೀರಿನ ಮೇಲೆ ತಳ್ಳಿಕೊಂಡು ಬರುವುದಕ್ಕೆ ಆಗುವುದಿಲ್ಲ. ಮೊದಲು ಕಂದಕಕ್ಕೆ ಸೌದೆ, ಮಣ್ಣು, ಕಲ್ಲು ಸುರಿದು ತುಂಬಿಸಬೇಕು. ಅಷ್ಟು ದಿನ ಮೇಲಿನವರು ಸುಮ್ನೆ ಕೂರುತ್ತಾರಾ?

ಅದಕ್ಕಿಂತ ದೊಡ್ಡ ಕಾರಣ ಸುರಂಗ. ಆ ಕಾಲದಲ್ಲಿ ಗೋಡೆ ಬೀಳಿಸುವ ನಂಬಿಕೆಯ ಉಪಾಯ ಅದು. ಗೋಡೆಯ ಪಾಯದ ಕೆಳಗೆ ಬಿಲ ಕೊರೆಯುತ್ತಾರೆ. ಮೇಲಿನ ಗೋಡೆ ಕುಸಿಯದಂತೆ ಮರದ ಊರುಗೋಲು ಕೊಡುತ್ತಾ ಮುಂದೆ ಹೋಗುತ್ತಾರೆ. ಸಾಕಷ್ಟು ಕೊರೆದ ಮೇಲೆ ಊರುಗೋಲಿಗೆ ಬೆಂಕಿ ಹಚ್ಚಿ ಹೊರಗೆ ಬರುತ್ತಾರೆ. ಮರ ಸುಟ್ಟಿತು, ಗೋಡೆ ಬಿತ್ತು.

1215ರಲ್ಲಿ ಇಂಗ್ಲೆಂಡಿನ ರಾಜ ಜಾನ್ ರಾಚೆಸ್ಟರ್ ಕೋಟೆಯನ್ನು ಮುತ್ತಿದಾಗ ಆದದ್ದು ಇದೇ. ಅವನು ಅಧಿಕಾರಿಗೆ ಪತ್ರ ಬರೆದು 40 ಕೊಬ್ಬಿದ ಹಂದಿಗಳನ್ನು ಬೇಗ ಕಳಿಸು ಅಂದ. ತಿನ್ನಲು ಲಾಯಕ್ಕಿಲ್ಲದವು ಆದರೂ ಆಗುತ್ತದೆ ಅಂದ. ಆ ಹಂದಿಗಳ ಕೊಬ್ಬು ಸುರಂಗದೊಳಗಿನ ಬೆಂಕಿಗೆ. ಕೋಟೆಯ ಒಂದು ಮೂಲೆ ಕುಸಿದು ಬಿತ್ತು. ರಾಚೆಸ್ಟರ್‌ನಲ್ಲಿ ಈಗಲೂ ನೋಡಬಹುದು: ಆ ದೊಡ್ಡ ಕಟ್ಟಡದ ಮೂರು ಮೂಲೆಯ ಕೊತ್ತಲಗಳು ಚೌಕ, ಒಂದು ಮಾತ್ರ ದುಂಡು. ಬಿದ್ದದ್ದನ್ನು ಮತ್ತೆ ಕಟ್ಟುವಾಗ ದುಂಡಗೆ ಕಟ್ಟಿದರು. ಚೌಕದ ಮೂಲೆಯ ಕಲ್ಲು ಕಿತ್ತರೆ ಇಡೀ ಮೂಲೆ ಸಡಿಲವಾಗುತ್ತದೆ, ದುಂಡು ಗೋಡೆಗೆ ಹಾಗೆ ಕೀಳಲು ಮೂಲೆಯೇ ಇಲ್ಲ.

ಈಗ ಹೇಳು, ನೀರು ನಿಂತ ನೆಲದ ಕೆಳಗೆ ಯಾರು ಸುರಂಗ ಕೊರೆಯುತ್ತಾರೆ? ಕೆನಿಲ್‌ವರ್ತ್ ಅಂತ ಇನ್ನೊಂದು ಕೋಟೆ ಇದೆ. ಅದರ ಸುತ್ತ ಬಹಳ ದೊಡ್ಡ ಕೆರೆ ಇತ್ತು. 1266ರಲ್ಲಿ ರಾಜ ಮೂರನೇ ಹೆನ್ರಿ ಅದನ್ನು ಜೂನ್‌ನಿಂದ ಡಿಸೆಂಬರ್‌ವರೆಗೆ ಮುತ್ತಿಗೆ ಹಾಕಿ ಕೂತ. ದೋಣಿಗಳನ್ನು ತರಿಸಿ ನೀರಿನ ಕಡೆಯಿಂದಲೂ ನುಗ್ಗಲು ನೋಡಿದ. ಆಗಲಿಲ್ಲ. ಕೊನೆಗೆ ಒಳಗಿದ್ದವರು ಸೋತದ್ದು ಹಸಿವಿಗೆ, ಕಾಯಿಲೆಗೆ. ನೀರು ದಾಟಿ ಬಂದ ಸೈನಿಕರಿಗಲ್ಲ.

ಪ್ರಶ್ನೆ: ಬೋಡಿಯಂ ಕಟ್ಟಿಸಿದ್ದು ಯಾವ ರಾಜ? (ಅರಸೀಕೆರೆಯ ಓದುಗರು)

ಉತ್ತರ: ರಾಜನಲ್ಲ. ಸರ್ ಎಡ್ವರ್ಡ್ ಡ್ಯಾಲಿಂಗ್‌ರಿಜ್ ಎಂಬ ಸರದಾರ. ಮನೆಯಲ್ಲಿ ಕಿರಿಯ ಮಗ. ಅಲ್ಲಿಯ ಪದ್ಧತಿಯಂತೆ ತಂದೆಯ ಜಮೀನು ಹಿರಿಯ ಮಗನಿಗೆ. ಹೀಗಾಗಿ ಇವನು ಫ್ರಾನ್ಸಿನ ಯುದ್ಧಕ್ಕೆ ಹೋದ. ಸರ್ ರಾಬರ್ಟ್ ನೋಲ್ಸ್ ಎಂಬ ದಂಡನಾಯಕನ ಪಡೆಯಲ್ಲಿ ಸೇರಿ ದುಡ್ಡು ಮಾಡಿಕೊಂಡ. ಆ ಪಡೆಗಳ ಸಂಪಾದನೆ ಎಂಥದ್ದು ಅಂತ ಕೇಳಬೇಡಿ. ಊರು ಸುಡುವುದು, ಸೆರೆ ಹಿಡಿದವರನ್ನು ಬಿಡಲು ಹಣ ಕೇಳುವುದು. ಬೋಡಿಯಂನ ಕಲ್ಲು ಕಲ್ಲಿನಲ್ಲೂ ಫ್ರೆಂಚ್ ರೈತರ ಕಣ್ಣೀರಿದೆ ಅಂತ ನಾನು ಕ್ಲಾಸಿನಲ್ಲಿ ಹೇಳುತ್ತಿದ್ದೆ, ಈಗಲೂ ಹಾಗೇ ಅನ್ನಿಸುತ್ತದೆ. ಬೋಡಿಯಂನ ಜಮೀನು ಅವನಿಗೆ ಸಿಕ್ಕಿದ್ದು ಹೆಂಡತಿ ಎಲಿಜಬೆತ್ ಕಡೆಯಿಂದ.

1377ರಲ್ಲಿ ಫ್ರೆಂಚರು ಸಮುದ್ರದಿಂದ ಬಂದು ಹತ್ತಿರದ ರೈ ಎಂಬ ರೇವು ಪಟ್ಟಣವನ್ನು ಸುಟ್ಟರು. ಆಗ ರಾದರ್ ನದಿಯಲ್ಲಿ ದೋಣಿಗಳು ಬೋಡಿಯಂವರೆಗೂ ಬರುತ್ತಿದ್ದವು. ಭಯ ಸುಳ್ಳಲ್ಲ. 1385ರ ಅಕ್ಟೋಬರ್‌ನಲ್ಲಿ ರಾಜ ಎರಡನೇ ರಿಚರ್ಡ್ ಇವನಿಗೆ ಪರವಾನಗಿ ಕೊಟ್ಟ. ಅಲ್ಲಿ ಕೋಟೆ ಗೋಡೆ ಕಟ್ಟಿ ಮೇಲೆ ತೆನೆ (ಕಾವಲಿನವರು ಮರೆಯಾಗಿ ನಿಲ್ಲಲು ಗೋಡೆಯ ತುದಿಯ ಹಲ್ಲುಸಾಲು) ಇಡಬೇಕಾದರೆ ರಾಜನ ಒಪ್ಪಿಗೆ ಪಡೆಯುವ ಪದ್ಧತಿ ಇತ್ತು. ಸುತ್ತಲಿನ ನಾಡಿನ ರಕ್ಷಣೆಗೆ, ಶತ್ರುಗಳನ್ನು ಎದುರಿಸುವುದಕ್ಕೆ ನಿನ್ನ ಮನೆಯನ್ನು ಕೋಟೆ ಮಾಡಿಕೋ ಅಂತ ಅದರ ಸಾರ. ಅವನು ಹಳೇ ಮನೆಯ ತಂಟೆಗೇ ಹೋಗಲಿಲ್ಲ. ಹೊಸ ಜಾಗ ಹಿಡಿದು ಹೊಸದಾಗಿ ಕಟ್ಟಿದ.

ಹೆಬ್ಬಾಗಿಲ ಮೇಲೆ ತನ್ನ ಮನೆತನದ ಲಾಂಛನದ ಜೊತೆ ಹೆಂಡತಿಯ ಮನೆತನದ್ದನ್ನೂ ಕೆತ್ತಿಸಿದ್ದಾನೆ. ಹಿಂದಿನ ದಿಡ್ಡಿ ಬಾಗಿಲ ಮೇಲೆ ಹಳೇ ದಂಡನಾಯಕ ನೋಲ್ಸ್‌ನ ಲಾಂಛನ. ಮುಂಬಾಗಿಲಲ್ಲಿ ಭೂಮಿ ಕೊಟ್ಟವರು, ಹಿಂಬಾಗಿಲಲ್ಲಿ ದುಡ್ಡಿನ ದಾರಿ ತೋರಿಸಿದವನು. ನನಗೆ ಇಡೀ ಕೋಟೆಯಲ್ಲಿ ತುಂಬಾ ಹಿಡಿಸಿದ್ದು ಈ ಎರಡು ಕಲ್ಲು ಕೆತ್ತನೆ.

ಪ್ರಶ್ನೆ: ಬೋಡಿಯಂ ನಿಜವಾದ ಕೋಟೆಯೇ ಅಲ್ಲ, ಶ್ರೀಮಂತನ ಬಂಗಲೆ ಅಂತ ಎಲ್ಲೋ ಓದಿದೆ. ನಿಮ್ಮ ಅಭಿಪ್ರಾಯ? (ಹಾಸನದ ಎಂ.ಎ. ಇತಿಹಾಸ ವಿದ್ಯಾರ್ಥಿನಿ)

ಉತ್ತರ: ಈ ಜಗಳ 1980ರ ದಶಕದಿಂದ ಜೋರಾಗಿ ನಡೆದಿದೆ ಕಣಮ್ಮ. ಎರಡೂ ಕಡೆಯವರ ಮಾತಿಗೆ ಆಧಾರ ಕೋಟೆಯಲ್ಲೇ ಇದೆ. ಬಾ, ಹೊರಗಿಂದ ಒಳಗೆ ನಡೆದು ನೋಡೋಣ.

ಈಗಿನ ಸೇತುವೆ ಉತ್ತರದಿಂದ ನೇರ ಹೆಬ್ಬಾಗಿಲಿಗೆ ಹೋಗುತ್ತದೆ. ಮೊದಲು ಹಾಗಿರಲಿಲ್ಲ. ಪಶ್ಚಿಮದ ದಂಡೆಯಿಂದ ಮರದ ಸೇತುವೆ ಬರುತ್ತಿತ್ತು. ನೀರಿನ ನಡುವೆ ಎಂಟು ಮೂಲೆಯ ಒಂದು ಕಲ್ಲು ದಿಬ್ಬ ಇದೆ, ಸೇತುವೆ ಅಲ್ಲಿಗೆ ಬಂದು ಮುಟ್ಟುತ್ತಿತ್ತು. ಅಲ್ಲಿ ಬಲಕ್ಕೆ ತಿರುಗಿ, ಇನ್ನೊಂದು ಚಿಕ್ಕ ಬಾಗಿಲು ದಾಟಿ, ಆಮೇಲೆ ಹೆಬ್ಬಾಗಿಲು. ಮರದ ಸೇತುವೆ ಮೇಲೆ ಬರುವವನಿಗೆ ಕೋಟೆ ಉದ್ದಕ್ಕೂ ಬಲಗಡೆ ಇರುತ್ತದೆ. ಸೈನಿಕ ಗುರಾಣಿ ಹಿಡಿಯುವುದು ಎಡಗೈಯಲ್ಲಿ. ಬಲ ಮೈ ಪೂರ್ತಿ ಬಯಲು.

ಹೆಬ್ಬಾಗಿಲಿಗೆ ಎರಡು ಕಡೆ ಚೌಕದ ಕೊತ್ತಲ. ಕೆಳಗೆ ಬೀಗದ ಕಂಡಿಯ ಆಕಾರದ ಕಿಂಡಿಗಳು, ಫಿರಂಗಿ ಇಟ್ಟು ಹೊಡೆಯಲು. ಇಂಗ್ಲೆಂಡಿನಲ್ಲಿ ಫಿರಂಗಿ ಇನ್ನೂ ಹೊಸದಾಗಿದ್ದ ಕಾಲ ಅದು. ಮೇಲೆ ಗೋಡೆಯಿಂದ ಮುಂದಕ್ಕೆ ಚಾಚಿದ ಕಟ್ಟೆ, ಅದರ ತಳದಲ್ಲಿ ತೂತು, ಕೆಳಗೆ ನಿಂತವರ ತಲೆ ಮೇಲೆ ಕಲ್ಲು ಹಾಕುವುದಕ್ಕೆ. ಬಾಗಿಲ ಹಾದಿಯಲ್ಲಿ ಮೇಲಿಂದ ಇಳಿಯುವ ಜಾಲರಿ ಬಾಗಿಲು ಒಂದರ ಹಿಂದೊಂದು ಮೂರು. ಅದರಲ್ಲಿ ಒಂದು ಮರದ ಜಾಲರಿ ಇನ್ನೂ ಉಳಿದಿದೆ. ಕತ್ತೆತ್ತಿ ನೋಡಿದರೆ ಕಮಾನಿನ ಸಂದಿಯಲ್ಲಿ ಅದರ ಚೂಪು ಹಲ್ಲುಗಳು ಕಾಣುತ್ತವೆ. ಅದರ ಮರದ ವಯಸ್ಸನ್ನು ರೇಡಿಯೋ ಕಾರ್ಬನ್ ವಿಧಾನದಲ್ಲಿ ಪರೀಕ್ಷೆ ಮಾಡಿದ್ದಾರೆ, 1280ರಿಂದ 1410ರ ಒಳಗಿನದು. ಅಂದರೆ ಡ್ಯಾಲಿಂಗ್‌ರಿಜ್‌ನ ಕಾಲದ್ದೇ. ಇಷ್ಟೆಲ್ಲ ನೋಡಿದರೆ ಇದು ಬಂಗಲೆ ಅನ್ನಲು ಬಾಯಿ ಬರುವುದಿಲ್ಲ.

ಈಗ ಇನ್ನೊಂದು ಮಗ್ಗುಲು. ಒಳಗೆ ಹೋದರೆ ನಡುವೆ ಬಯಲು ಅಂಗಳ, ನಾಲ್ಕೂ ಗೋಡೆಗೆ ಅಂಟಿಕೊಂಡು ಮನೆಗಳು. ನಮ್ಮ ಕಡೆಯ ತೊಟ್ಟಿ ಮನೆಯ ಅಂದಾಜೇ. ಕೊನೆಯ ಆಸರೆಗೆ ಅಂತ ನಡುವೆ ದೊಡ್ಡ ಗೋಪುರ ಇಲ್ಲ. ದಕ್ಷಿಣಕ್ಕೆ ಹಜಾರ, 40 ಅಡಿ ಉದ್ದ, 24 ಅಡಿ ಅಗಲ. ಅದರ ಒಂದು ಕೊನೆಯಲ್ಲಿ ಮೂರು ಬಾಗಿಲು ಸಾಲಾಗಿವೆ. ಒಂದು ರೊಟ್ಟಿ ಇಡುವ ಕೋಣೆಗೆ, ಒಂದು ಪಾನೀಯದ ಕೋಣೆಗೆ, ನಡುವಿನದು ಅಡುಗೆಮನೆಗೆ. ಆಳುಕಾಳುಗಳಿಗೆ ಬೇರೆ ಹಜಾರ, ಬೇರೆ ಅಡುಗೆಮನೆ. ಪೂರ್ವದ ಕಡೆ ಪೂಜಾಮಂದಿರ, ಅದಕ್ಕೆ ಹೊರಗಿನ ಗೋಡೆಯಲ್ಲೇ ದೊಡ್ಡ ಕಿಟಕಿ. ಯುದ್ಧ ಒಂದನ್ನೇ ಯೋಚಿಸುವವನು ಹೊರಗೋಡೆಗೆ ಅಷ್ಟು ದೊಡ್ಡ ಕಿಟಕಿ ಇಡುವುದಿಲ್ಲ. ಹಿಂದಿನ ಬಾಗಿಲ ಕಡೆ ಮುಂಬಾಗಿಲಿನಷ್ಟು ಕಾವಲಿನ ಏರ್ಪಾಟಿಲ್ಲ.

ಮುಖ್ಯವಾಗಿ ಆ ಏರಿ. ಮೊದಲ ಉತ್ತರದಲ್ಲಿ ಹೇಳಿದೆನಲ್ಲ, ತಗ್ಗಿನ ಕಡೆ ಮಣ್ಣಿನ ಏರಿ. ಗುದ್ದಲಿ ಹಿಡಿದ ಆಳುಗಳು ಆ ಏರಿ ಒಡೆದರೆ ಕಂದಕದ ನೀರು ನದಿಯ ಕಡೆ ಹರಿದುಹೋಗುತ್ತದೆ. ಏರಿಯನ್ನು ಕಾಯಲು ಕೋಟೆಯ ಹೊರಗೆ ಬೇರೆ ಗೋಡೆಯೂ ಇಲ್ಲ. ಉತ್ತರದ ಎತ್ತರದ ಜಾಗದಿಂದ ಇಡೀ ಕೋಟೆ ಅಂಗೈ ಮೇಲಿಟ್ಟ ಹಾಗೆ ಕಾಣುತ್ತದೆ. ನೋಡಲು ಚಂದ, ಕಾಯಲು ಕಷ್ಟ.

ಕಂದಕದ ಇನ್ನೊಂದು ಉಪಯೋಗವನ್ನು ಜಾಸ್ತಿ ಜನ ಹೇಳುವುದಿಲ್ಲ. ಕೋಟೆಯಲ್ಲಿ 28 ಕಕ್ಕಸುಗಳಿದ್ದವು. ಎಲ್ಲದರ ಕೊಳವೆ ಗೋಡೆಯೊಳಗೆ ಇಳಿದು ನೇರ ಕಂದಕಕ್ಕೆ. ಆ ಕಾಲಕ್ಕೆ ಇದು ದೊಡ್ಡ ಅನುಕೂಲ, ಇಷ್ಟೊಂದು ಇದ್ದ ಮನೆ ಅಪರೂಪ. ಆದರೆ ಆ ನೀರು ಕುಡಿಯಲು ಬರುವುದಿಲ್ಲವಲ್ಲ? ಅದಕ್ಕೇ ನೈಋತ್ಯದ ಕೊತ್ತಲದ ತಳದಲ್ಲಿ ಬೇರೆ ಬಾವಿ ಇದೆ. ಅದೇ ಕೊತ್ತಲದ ತುದಿಯಲ್ಲಿ ಪಾರಿವಾಳದ ಗೂಡುಗಳು, ಊಟಕ್ಕೆ. ಕೆಳಗೆ ನೀರು, ಮೇಲೆ ಮಾಂಸ, ಪಕ್ಕದಲ್ಲಿ ಅಡುಗೆಮನೆ. ಇದನ್ನು ಯೋಜನೆ ಮಾಡಿದವನು ಮನೆ ನಡೆಸುವುದು ಗೊತ್ತಿದ್ದವನು.

ನನ್ನ ಅಭಿಪ್ರಾಯ ಕೇಳಿದ್ದೀಯ. ಕೋಟೆಯೋ ಮನೆಯೋ ಅಂತ ಎರಡರಲ್ಲಿ ಒಂದು ಆರಿಸುವ ಪ್ರಶ್ನೆಯೇ ನಮ್ಮ ಕಾಲದ್ದು. ಡ್ಯಾಲಿಂಗ್‌ರಿಜ್‌ಗೆ ಆ ಪ್ರಶ್ನೆ ಬಂದಿರಲಾರದು. ಯುದ್ಧದಿಂದ ಮೇಲೆ ಬಂದವನಿಗೆ ಮನೆ ಅಂದರೇ ಕೋಟೆ. ಸಮುದ್ರದಿಂದ ಬಂದು ಊರು ಸುಟ್ಟು ಓಡುವ ಗುಂಪನ್ನು ತಡೆಯಲು ಆ ಬಾಗಿಲು, ಆ ನೀರು ಧಾರಾಳ ಸಾಕು. ಫಿರಂಗಿ ತಂದು ತಿಂಗಳುಗಟ್ಟಲೆ ಕೂರುವ ಸೈನ್ಯವನ್ನು ತಡೆಯಲು ಸಾಲದು. ಅಂಥ ಸೈನ್ಯ ಬರುತ್ತದೆ ಅಂತ ಅವನು ಕಟ್ಟಲೂ ಇಲ್ಲ. ನಿನ್ನ ಪ್ರಬಂಧದಲ್ಲಿ ಎರಡೂ ಕಡೆಯ ವಾದ ಬರಿ. ಆದರೆ ಬರೆಯುವ ಮುಂಚೆ ಕೋಟೆಯ ನಕ್ಷೆಯನ್ನು ಕೈಯಾರೆ ಒಂದು ಸಲ ಬಿಡಿಸು. ಕಕ್ಕಸಿನ ಕೊಳವೆ ಎಲ್ಲಿ, ಕಿಂಡಿ ಎಲ್ಲಿ, ಕಿಟಕಿ ಎಲ್ಲಿ ಅಂತ ಗುರುತು ಹಾಕುತ್ತಾ ಹೋದರೆ ಯಾವ ಗೋಡೆಗೆ ಯಾವ ಕೆಲಸ ಅಂತ ತಾನಾಗಿ ಬಿಡಿಸಿಕೊಳ್ಳುತ್ತದೆ.

ಪ್ರಶ್ನೆ: ಅಲ್ಲಿ ಯುದ್ಧ ನಡೆಯಿತಾ? (ಕಡೂರು)

ಉತ್ತರ: ದೊಡ್ಡ ಕದನ ಆಗಲಿಲ್ಲ. 1483ರಲ್ಲಿ ಆಗಿನ ಮಾಲೀಕ ಲ್ಯೂಕ್ನರ್ ರಾಜ ಮೂರನೇ ರಿಚರ್ಡ್‌ನ ವಿರುದ್ಧ ನಿಂತ. ಕೋಟೆ ಮುತ್ತಲು ರಾಜ ಆಜ್ಞೆ ಕೊಟ್ಟ. ಕೋಟೆ ಹೆಚ್ಚು ಪ್ರತಿರೋಧವಿಲ್ಲದೆ ಶರಣಾಯಿತು ಅಂತಲೇ ತಿಳಿಯುತ್ತದೆ. 1640ರ ದಶಕದಲ್ಲಿ ರಾಜನಿಗೂ ಪಾರ್ಲಿಮೆಂಟಿಗೂ ಯುದ್ಧ ಬಿದ್ದಾಗ ರಾಜನ ಪಕ್ಷದಲ್ಲಿದ್ದ ಮಾಲೀಕ ಕೋಟೆಯನ್ನು ಮಾರಿದ. ಆಮೇಲೆ ಒಳಗಿನ ಮನೆಗಳನ್ನು ಕಿತ್ತು ಹಾಕಿದರು. ಹೊರಗಿನಿಂದ ಇಷ್ಟು ಗಟ್ಟಿಯಾಗಿ ಕಾಣುವ ಕೋಟೆಯ ಒಳಗೆ ಇವತ್ತು ಮಾಡು ಇಲ್ಲದ ಮೋಟು ಗೋಡೆಗಳಷ್ಟೇ ಇರುವುದು ಅದರಿಂದಲೇ.

ಪ್ರಶ್ನೆ: ಬೋಡಿಯಂ ಉಳಿಸಿದ್ದು ಲಾರ್ಡ್ ಕರ್ಜನ್ ಅಂತ ಬರೆದಿದ್ದೀರಿ. ಬಂಗಾಳ ಒಡೆದ ಕರ್ಜನ್ನೇ? (ಚಿಕ್ಕಮಗಳೂರಿನ ನಿವೃತ್ತ ಬ್ಯಾಂಕ್ ಉದ್ಯೋಗಿ)

ಉತ್ತರ: ಹೌದು ಸಾರ್, ಅವನೇ. 1899ರಿಂದ 1905ರವರೆಗೆ ಇಲ್ಲಿ ವೈಸರಾಯ್. 1902ರ ಆಗಸ್ಟ್‌ನಲ್ಲಿ ಮೈಸೂರಿಗೆ ಬಂದು ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಅಧಿಕಾರ ವಹಿಸಿಕೊಟ್ಟವನೂ ಅವನೇ.

1905ರ ಬಂಗಾಳ ವಿಭಜನೆಯನ್ನು ನಾನು ಮರೆಯುವುದಿಲ್ಲ, ಯಾರೂ ಮರೆಯಬಾರದು. ಆದರೆ ಹಳೇ ಕಟ್ಟಡಗಳ ವಿಷಯದಲ್ಲಿ ಅವನಿಗೆ ನಿಜವಾದ ಕಳಕಳಿ ಇತ್ತು. ಸೊರಗಿದ್ದ ಪುರಾತತ್ವ ಇಲಾಖೆಗೆ ಜೀವ ತುಂಬಿದ. 1902ರಲ್ಲಿ ಜಾನ್ ಮಾರ್ಷಲ್ ಅದರ ಮುಖ್ಯಸ್ಥರಾದರು. 1904ರಲ್ಲಿ ಪ್ರಾಚೀನ ಸ್ಮಾರಕಗಳ ರಕ್ಷಣೆಗೆ ಕಾಯಿದೆ ಬಂತು. ನಮ್ಮ ಮೈಸೂರು ಸಂಸ್ಥಾನ ಇದರಲ್ಲಿ ಹಿಂದೆ ಇರಲಿಲ್ಲ ಅನ್ನುವುದನ್ನೂ ಇಲ್ಲೇ ಹೇಳಬೇಕು. 1885ರಲ್ಲೇ ಇಲ್ಲಿ ಸ್ವಂತ ಪುರಾತತ್ವ ಇಲಾಖೆ ಶುರುವಾಗಿತ್ತು. ಹಾಸನ, ಕಡೂರು ಜಿಲ್ಲೆಗಳ ಊರೂರು ಸುತ್ತಿ ಶಾಸನಗಳನ್ನು ಓದಿಸಿದವರು ಬಿ.ಎಲ್. ರೈಸ್. ಅವರ ನಂತರ ಆರ್. ನರಸಿಂಹಾಚಾರ್ಯರು.

ಊರಿಗೆ ವಾಪಸಾದ ಕರ್ಜನ್ ಅಲ್ಲೂ ಸುಮ್ಮನೆ ಕೂರಲಿಲ್ಲ. 1911ರಲ್ಲಿ ಟ್ಯಾಟರ್‌ಶಾಲ್ ಎಂಬ ಇಟ್ಟಿಗೆ ಕೋಟೆಯನ್ನು ಕೊಂಡ. ಅದಕ್ಕೂ ಕಂದಕ ಇದೆ. ಅದರ ಒಳಗಿನ ಕೆತ್ತನೆಯ ಕಲ್ಲು ಬೆಂಕಿಗೂಡುಗಳನ್ನು ಅಷ್ಟರಲ್ಲಾಗಲೇ ಕಿತ್ತು ಮಾರಿ ಆಗಿತ್ತು, ಅಮೆರಿಕಕ್ಕೆ ಸಾಗಿಸಲು. ಕರ್ಜನ್ ಅವನ್ನು ಹುಡುಕಿ, ವಾಪಸ್ ಕೊಂಡು, ಮೊದಲಿದ್ದ ಜಾಗದಲ್ಲೇ ಕೂರಿಸಿದ. ಆ ಗಲಾಟೆಯ ನಂತರ 1913ರಲ್ಲಿ ಇಂಗ್ಲೆಂಡಿನಲ್ಲಿ ಸ್ಮಾರಕಗಳಿಗೆ ಗಟ್ಟಿಯಾದ ಕಾಯಿದೆ ಬಂತು. ನೋಡಿ, ನಮ್ಮ ಕಾಯಿದೆ ಅದಕ್ಕಿಂತ ಒಂಬತ್ತು ವರ್ಷ ಹಳೆಯದು.

ಬೋಡಿಯಂಗೆ ಅವನು ಕೈ ಹಾಕಿದ್ದು ಮೊದಲ ಮಹಾಯುದ್ಧದ ಹೊತ್ತಿಗೆ. ಅದಕ್ಕೂ ಮುಂಚೆ ಇಬ್ಬರಿಗೆ ನಾವು ಕೃತಜ್ಞರಾಗಿರಬೇಕು. 1829ರಲ್ಲಿ ಕಲ್ಲಿಗಾಗಿ ಕೋಟೆ ಒಡೆಯುವ ಮಾತು ನಡೆದಾಗ ಜಾನ್ ಫುಲ್ಲರ್ ಎಂಬ ಸ್ಥಳೀಯ ಜಮೀನುದಾರ 3,000 ಪೌಂಡ್ ಕೊಟ್ಟು ಅದನ್ನು ಕೊಂಡ. 1861ರಲ್ಲಿ ಜಾರ್ಜ್ ಕ್ಯೂಬಿಟ್ ಕೊಂಡು ಇನ್ನಷ್ಟು ರಿಪೇರಿ ಮಾಡಿಸಿದ. ಕರ್ಜನ್ 1919ರಲ್ಲಿ ಕೆಲಸ ಶುರು ಮಾಡಿ, ಕಂದಕದ ನೀರು ಖಾಲಿ ಮಾಡಿಸಿ, ಹೂಳು ತೆಗೆಸಿ, ಗೋಡೆಗೆ ಹಬ್ಬಿದ್ದ ಬಳ್ಳಿಗಳನ್ನು ಕೀಳಿಸಿ, ಸಡಿಲವಾದ ಕಲ್ಲುಗಳನ್ನು ಭದ್ರ ಮಾಡಿಸಿದ. ಬಿದ್ದ ಮನೆಗಳನ್ನು ಹೊಸದಾಗಿ ಕಟ್ಟಲು ಹೋಗಲಿಲ್ಲ. ಅದು ಬಹಳ ಸರಿಯಾದ ತೀರ್ಮಾನ ಅಂತ ನನ್ನ ನಂಬಿಕೆ. ಹಳೆಯದು ಯಾವುದು, ಹೊಸದು ಯಾವುದು ಅಂತ ನೋಡುವವರಿಗೆ ತಿಳಿಯದ ಹಾಗೆ ಸಿಮೆಂಟು ಮೆತ್ತಿದ ಗುಡಿಗಳು ನಮ್ಮ ಸುತ್ತಲೇ ಎಷ್ಟಿವೆ! ಅಂಥದ್ದನ್ನು ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. 1925ರಲ್ಲಿ ಕರ್ಜನ್ ಸತ್ತಾಗ ಬೋಡಿಯಂ, ಟ್ಯಾಟರ್‌ಶಾಲ್ ಎರಡೂ ಉಯಿಲಿನ ಪ್ರಕಾರ ನ್ಯಾಷನಲ್ ಟ್ರಸ್ಟ್ ಎಂಬ, ಹಳೇ ಕಟ್ಟಡಗಳನ್ನು ಕಾಪಾಡುವ ಅಲ್ಲಿಯ ಸಂಸ್ಥೆಗೆ ಸೇರಿದವು.

ಪ್ರಶ್ನೆ: ನಮ್ಮ ಮಂಜರಾಬಾದ್ ಕೋಟೆಗೆ ಇಂಥ ಎತ್ತರದ ಗೋಪುರ ಯಾಕಿಲ್ಲ? ಟಿಪ್ಪು ಹತ್ತಿರ ದುಡ್ಡು ಇರಲಿಲ್ವಾ? (ದೋಣಿಗಾಲಿನ ಓದುಗರು)

ಉತ್ತರ: ದುಡ್ಡಿನ ಪ್ರಶ್ನೆ ಅಲ್ಲ, ಕಾಲದ ಪ್ರಶ್ನೆ. ಬೋಡಿಯಂ ಕಟ್ಟಿದ್ದು 1385ರಲ್ಲಿ, ಮಂಜರಾಬಾದ್ 1792ರಲ್ಲಿ. ನಡುವೆ ನಾಲ್ಕುನೂರು ವರ್ಷ. ಅಷ್ಟರಲ್ಲಿ ಫಿರಂಗಿ ಬಲಿತಿತ್ತು. ದೊಡ್ಡ ಗುಂಡಿಗೆ ಎತ್ತರದ ಗೋಡೆ ಅಂದರೆ ಒಳ್ಳೆಯ ಗುರಿ, ಅಷ್ಟೇ. ಅದಕ್ಕೇ ಯುರೋಪಿನಲ್ಲಿ ಗೋಡೆ ತಗ್ಗಾಯಿತು, ದಪ್ಪವಾಯಿತು, ಆಕಾರ ನಕ್ಷತ್ರದಂತಾಯಿತು. ದುಂಡು ಕೊತ್ತಲದ ಬುಡದಲ್ಲಿ ಮೇಲಿನವರ ಕಣ್ಣಿಗೆ ಬೀಳದ ಒಂದು ಮರೆ ಇರುತ್ತದೆ. ನಕ್ಷತ್ರದ ಚೂಪು ಮೂಲೆಗಳಿಗೆ ಆ ತೊಂದರೆ ಇಲ್ಲ. ಒಂದು ಮೂಲೆಯಲ್ಲಿ ನಿಂತವನು ಪಕ್ಕದ ಮೂಲೆಯ ಗೋಡೆಯುದ್ದಕ್ಕೂ ಗುಂಡು ಹಾರಿಸಬಹುದು. ಫ್ರಾನ್ಸಿನ ವೊಬಾನ್ ಎಂಬ ಎಂಜಿನಿಯರ್ 17ನೇ ಶತಮಾನದಲ್ಲಿ ಈ ವಿದ್ಯೆಯನ್ನು ಪಕ್ವ ಮಾಡಿದ. ಟಿಪ್ಪುವಿಗೆ ಫ್ರೆಂಚರ ಜೊತೆ ಒಡನಾಟ ಇತ್ತು, ಆ ಮಾದರಿ ಹಾಗೆ ನಮ್ಮ ಘಟ್ಟಕ್ಕೆ ಬಂತು.

1792ರಲ್ಲಿ ಟಿಪ್ಪು ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಅರ್ಧ ರಾಜ್ಯ ಕಳೆದುಕೊಂಡಿದ್ದ. ಕೊಡಗು, ಮಲಬಾರ್ ಕೈಬಿಟ್ಟಿದ್ದವು. ಮಂಗಳೂರು ಮಾತ್ರ ಅವನದ್ದೇ. ಅಲ್ಲಿಂದ ಘಟ್ಟ ಹತ್ತಿ ಬರುವ ದಾರಿ ಕಾಯುವುದು ಪ್ರಾಣದ ಪ್ರಶ್ನೆಯಾಗಿತ್ತು. ಸಮುದ್ರ ಮಟ್ಟದಿಂದ 3,240 ಅಡಿ ಎತ್ತರದ ಆ ಗುಡ್ಡ ಅದಕ್ಕೇ.

ನೀವು ಮುಂದಿನ ಸಲ ಹೋದಾಗ ಸುಮ್ನೆ ಸೆಲ್ಫಿ ತೆಗೆದು ಇಳಿಯಬೇಡಿ. ಗೋಡೆಯ ಮೇಲೆ ಒಂದು ಚೂಪು ಮೂಲೆಗೆ ಹುಷಾರಾಗಿ ಹೋಗಿ, ಎಡಕ್ಕೂ ಬಲಕ್ಕೂ ನೋಡಿ. ಪಕ್ಕದ ಎರಡು ಮೂಲೆಗಳ ಗೋಡೆ ಬುಡದವರೆಗೆ ಕಾಣುತ್ತದೆ. ಹೊರಗೋಡೆ ಕಣಶಿಲೆ ಮತ್ತು ಗಾರೆ, ಒಳಗಿನ ಕಟ್ಟಡ ಸುಟ್ಟ ಇಟ್ಟಿಗೆ. ನಡುವೆ ಕೂಡಿಸುವ ಚಿಹ್ನೆಯ ಆಕಾರದ ಕೊಳ, ನಾಲ್ಕು ಕಡೆಯಿಂದ ಮೆಟ್ಟಿಲು. ಅದರ ಹತ್ತಿರ ನೆಲದೊಳಗೆ ಸಿಡಿಮದ್ದಿನ ಕೋಣೆಗಳು. ಸಕಲೇಶಪುರದಲ್ಲಿ ಪಾಠ ಮಾಡುತ್ತಿದ್ದಾಗ ಮಕ್ಕಳನ್ನು ಆ ಕೋಣೆಗೆ ಇಳಿಸಿ ಗೋಡೆ ಮುಟ್ಟಿಸುತ್ತಿದ್ದೆ. ಬಿರುಬೇಸಿಗೆಯಲ್ಲೂ ತಣ್ಣಗಿರುತ್ತದೆ. ಮದ್ದು ಕೆಡದೆ ಇರಬೇಕಾದರೆ ಬಿಸಿಯೂ ಕಿಡಿಯೂ ತಾಗಬಾರದು ಅಂತ ಆಗ ಪುಸ್ತಕ ತೆರೆಯದೆ ಅರ್ಥವಾಗುತ್ತಿತ್ತು. ಇನ್ನೊಂದು ಮಾತು, ದಯವಿಟ್ಟು ಗೋಡೆಯ ಮೇಲೆ ಹೆಸರು ಕೊರೆಯಬೇಡಿ. ಆ ಗಾರೆಗೆ ಒಮ್ಮೆ ಗೀರು ಬಿದ್ದರೆ ಸಕಲೇಶಪುರದ ಮಳೆ ಅದರೊಳಗೆ ಇಳಿಯುತ್ತದೆ, ಆಮೇಲೆ ಅಲ್ಲಿ ಗಿಡ ಬೇರು ಬಿಡುತ್ತದೆ.

ಪ್ರಶ್ನೆ: ಇಂಗ್ಲೆಂಡಿಗೆ ಹೋಗಲು ನಮಗೆ ಆಗುವುದಿಲ್ಲ. ನೀರಿರುವ ಕಂದಕವನ್ನು ಇಲ್ಲೇ ಎಲ್ಲಿ ನೋಡಬಹುದು? (ಬಾಳುಪೇಟೆಯ ಗೃಹಿಣಿ)

ಉತ್ತರ: ವೆಲ್ಲೂರಿಗೆ ಹೋಗಿ ಬನ್ನಿ. ಬೆಂಗಳೂರಿನಿಂದ ರೈಲಿನಲ್ಲಿ ಕಾಟ್ಪಾಡಿಯಲ್ಲಿ ಇಳಿದರೆ ಹತ್ತಿರ. ವಿಜಯನಗರದ ಕಾಲದ ಕೋಟೆ, 16ನೇ ಶತಮಾನದ್ದು. ಸುತ್ತ ಅಗಲವಾದ ಕಂದಕ, ಇವತ್ತಿಗೂ ನೀರು. 1806ರ ಜುಲೈನಲ್ಲಿ ಸಿಪಾಯಿಗಳು ದಂಗೆ ಎದ್ದದ್ದು ಆ ಕೋಟೆಯೊಳಗೇ, ಟಿಪ್ಪುವಿನ ಮಕ್ಕಳನ್ನು ಸೆರೆಯಲ್ಲಿಟ್ಟದ್ದೂ ಅಲ್ಲೇ. ಒಳಗೆ ಜಲಕಂಠೇಶ್ವರನ ಗುಡಿ ಇದೆ, ಕಲ್ಯಾಣ ಮಂಟಪದ ಕಂಬಗಳನ್ನು ನೋಡದೆ ಬರಬೇಡಿ.

ನಮ್ಮ ರಾಜ್ಯದಲ್ಲೇ ಅಂದರೆ ಬೀದರ್. ಅಲ್ಲಿ ನೀರಿಗಿಂತ ಕೆಲಸ ನೋಡಬೇಕು. ಬಹಮನಿ ಸುಲ್ತಾನರು 15ನೇ ಶತಮಾನದಲ್ಲಿ ಕೆಂಪು ಜಂಬಿಟ್ಟಿಗೆ ಕಲ್ಲಿನ ನೆಲವನ್ನೇ ಕೊರೆದು ಮೂರು ಸಾಲು ಕಂದಕ ಮಾಡಿದ್ದಾರೆ. ನಡುನಡುವೆ ಕೊರೆಯದೆ ಬಿಟ್ಟ ಬಂಡೆ ಗೋಡೆಯಂತೆ ನಿಂತಿದೆ. ಬೆಳಿಗ್ಗೆ ಬೇಗ ಹೋಗಿ, ಹೊತ್ತೇರಿದ ಮೇಲೆ ಆ ಬಯಲಲ್ಲಿ ನಡೆಯುವುದು ಕಷ್ಟ. ಮಕ್ಕಳಿದ್ದರೆ ಒಂದು ಪೇಪರು, ಪೆನ್ಸಿಲ್ ಕೊಟ್ಟು ಮೂರು ಕಂದಕಗಳ ಅಡ್ಡಸೀಳು ಚಿತ್ರ ಬಿಡಿಸಲು ಹೇಳಿ. ಚಿತ್ರಗಳನ್ನು ಪತ್ರಿಕೆಯ ವಿಳಾಸಕ್ಕೆ ಕಳಿಸಿದರೆ ನಾನು ನೋಡಿ ತಪ್ಪು ಸರಿ ಬರೆದು ವಾಪಸ್ ಕಳಿಸುತ್ತೇನೆ.